ಎರಡು ಗೂಟ, ಒಂದು ನೂಲು

ಬಿಂದು, ರೇಖೆ, ಸಮತಲದ ಪಾಠವನ್ನು ಹೆಚ್ಚಿನ ಶಾಲೆಗಳಲ್ಲಿ ಎರಡು ಪಿರಿಯಡ್‌ನಲ್ಲಿ ಮುಗಿಸಿಬಿಡುತ್ತಾರೆ. 6ನೇ ತರಗತಿಯಲ್ಲಿ ಒಮ್ಮೆ ಬರುತ್ತದೆ, 9ರಲ್ಲಿ ಯೂಕ್ಲಿಡ್‌ನ ಹೆಸರಿನಲ್ಲಿ ಮತ್ತೊಮ್ಮೆ. ಪರೀಕ್ಷೆಯಲ್ಲಿ ಅದಕ್ಕೆ ಸಿಗುವ ಅಂಕ ಕಡಿಮೆ, ಹಾಗಾಗಿ ಎಲ್ಲರಿಗೂ ತ್ರಿಭುಜಕ್ಕೆ ಹೋಗುವ ಅವಸರ. ಇದರ ಫಲ ಕಾಣುವುದು ದ್ವಿತೀಯ ಪಿಯುಸಿಯಲ್ಲಿ. ಮೂರು ಆಯಾಮದ ರೇಖಾಗಣಿತದ ಸೂತ್ರಗಳೆಲ್ಲ ಬಾಯಿಗೆ ಬರುತ್ತವೆ, ಆದರೆ ಸೂತ್ರದಲ್ಲಿ ಬರುವ ಎರಡು ರೇಖೆಗಳು ಎಲ್ಲಿ ನಿಂತಿವೆ ಎಂದು ಕೈಯಲ್ಲಿ ತೋರಿಸು ಅಂದರೆ ಮಕ್ಕಳು ಸುಮ್ಮನಾಗುತ್ತಾರೆ. ಕಾಪು ಕಡಲ ಬದಿಯಲ್ಲಿ, ಕಾರ್ಕಳದಲ್ಲಿ, ಈಗ ಉಡುಪಿಯಲ್ಲಿ ಗಣಿತ ಕಲಿಸುತ್ತಾ ನಾನು ಕಂಡುಕೊಂಡ ಕೆಲವು ಸಂಗತಿಗಳನ್ನು, ಹೊಸದಾಗಿ ಕೆಲಸಕ್ಕೆ ಸೇರುವ ಟೀಚರುಗಳಿಗೆ ಉಪಯೋಗ ಆದೀತೆಂದು ಬರೆಯುತ್ತಿದ್ದೇನೆ.

1. ಬಿಂದುವಿನಿಂದ ಶುರು ಮಾಡಬೇಡಿ

ಪುಸ್ತಕದ ಕ್ರಮ ಹೀಗಿದೆ: ಮೊದಲು ಬಿಂದು, ಆಮೇಲೆ ರೇಖೆ, ಆಮೇಲೆ ಸಮತಲ, ಕೊನೆಗೆ ಘನ. ಸುಮಾರು ಕ್ರಿ.ಪೂ. 300ರಲ್ಲಿ ಯೂಕ್ಲಿಡ್ ಕೂಡ ಹೀಗೇ ಮಾಡಿದ. ಅವನ 'ಎಲಿಮೆಂಟ್ಸ್' ಗ್ರಂಥದ ಮೊದಲ ಸಂಪುಟ 23 ವ್ಯಾಖ್ಯೆಗಳಿಂದ ಆರಂಭವಾಗುತ್ತದೆ, ಮೊದಲನೆಯದೇ ಬಿಂದುವಿನದು: ಭಾಗಗಳಿಲ್ಲದ್ದು ಬಿಂದು. ಎಲ್ಲವನ್ನೂ ಕಲಿತು ಮುಗಿಸಿದವನಿಗೆ ಆ ಕ್ರಮ ಚೆನ್ನ. ಹನ್ನೊಂದು ವರ್ಷದ ಮಗು ಭಾಗಗಳಿಲ್ಲದ ಯಾವ ವಸ್ತುವನ್ನೂ ಮುಟ್ಟಿ ನೋಡಿಲ್ಲ.

ನಾನು ಒಂದು ಕೆಂಪುಕಲ್ಲನ್ನು ಮೇಜಿನ ಮೇಲೆ ಇಟ್ಟು ಶುರು ಮಾಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಕೆಂಪುಕಲ್ಲು ಸಿಗದ ಶಾಲೆ ಇಲ್ಲ, ಎಲ್ಲಿಯೋ ಒಂದು ಕಡೆ ಕಂಪೌಂಡಿನ ಕೆಲಸ ನಡೆಯುತ್ತಿರುತ್ತದೆ. ಮಕ್ಕಳು ಅದರ ಆರು ಮೈಗಳನ್ನು ಸವರುತ್ತಾರೆ. ಎರಡು ಮೈ ಸೇರುವಲ್ಲಿ ಅಂಚು, ಅಂಥ ಹನ್ನೆರಡು. ಮೂರು ಮೈ ಸೇರುವಲ್ಲಿ ಮೂಲೆ, ಅಂಥ ಎಂಟು. ಸಮತಲ, ರೇಖೆ, ಬಿಂದು, ಮೂರೂ ಒಂದೇ ಕಲ್ಲಿನಲ್ಲಿ ಬೆರಳಿಗೆ ಸಿಕ್ಕವು. ಯಾರಾದರೊಬ್ಬ ಮಗು ಹೇಳಿಯೇ ಹೇಳುತ್ತದೆ, "ಟೀಚರ್, ಇದು ಸಪಾಟಿಲ್ಲ, ತೂತು ಉಂಟು." ಆ ಮಾತಿಗಾಗಿಯೇ ನಾನು ಡಸ್ಟರನ್ನೋ ಪುಸ್ತಕವನ್ನೋ ಬಿಟ್ಟು ಕೆಂಪುಕಲ್ಲು ತರುವುದು. ಕಲ್ಲಿನ ಮೈ ಸಪಾಟಿಲ್ಲ ಎಂದು ಆ ಮಗುವಿಗೆ ತಿಳಿದದ್ದು ಹೇಗೆ? ಸಪಾಟಾದ ಇನ್ನೊಂದು ಮೈ ಅದರ ಮನಸ್ಸಿನಲ್ಲಿ ಆಗಲೇ ಇದೆ. ಕಲ್ಲು ಕೆತ್ತುವವರು ಮಚ್ಚು ಬೀಸುವಾಗ ಅವರ ಕಣ್ಣೆದುರಿಗಿರುವುದೂ ಅದೇ. ಗಣಿತದ ಸಮತಲ ಎಂದರೆ ಮನಸ್ಸಿನಲ್ಲಿರುವ ಆ ಮೈ.

ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸ ಹೋದರೆ ಇದೇ ಪಾಠ ದೊಡ್ಡ ಅಳತೆಯಲ್ಲಿ ಸಿಗುತ್ತದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ಆರುತ್ತಾ ಕುಗ್ಗಿ ಸೀಳಿತು, ಆ ಸೀಳುಗಳೇ ಇಂದು ಕಾಣುವ ಕಂಬಗಳ ಮೈಗಳು. ಸೀಳು ಸೀಳಿಗೆ ಕೂಡಿದಲ್ಲಿ ಅಂಚು, ಅಂಚು ಮುಗಿದಲ್ಲಿ ಮೂಲೆ. ಐದು, ಆರು, ಏಳು ಬದಿಯ ಕಂಬಗಳನ್ನು ಎಣಿಸಲು ಮಕ್ಕಳಿಗೆ ಬಿಡಿ. ಕಂಬಗಳ ತಲೆ ಕಾಣುವ ಕಡೆ ಒಂದೊಂದು ಬಿಂದುವಿನಲ್ಲಿ ಎಷ್ಟು ಸೀಳುಗಳು ಕೂಡುತ್ತವೆ ಎಂದೂ ಕೇಳಿ. ಹೆಚ್ಚಿನ ಕಡೆ ಮೂರೇ ಎಂದು ಅವರೇ ಹೇಳುತ್ತಾರೆ.

2. ರೇಖೆಯ ಪಾಠವನ್ನು ಮೇಸ್ತ್ರಿಯ ಹತ್ತಿರ ಕಲಿಯಲಿ

ಮನೆಯ ಪಂಚಾಂಗ, ಅಂದರೆ ಅಡಿಪಾಯ, ಹಾಕುವ ದಿನ ಅಲ್ಲಿ ನಿಂತು ನೋಡಬೇಕು. ಎರಡು ಗೂಟ ಹೊಡೆದು ನೂಲು ಬಿಗಿದರು, ಗೋಡೆ ಎಲ್ಲಿ ಬರಬೇಕೆಂದು ತೀರ್ಮಾನವಾಯಿತು. ಒಂದೇ ಗೂಟವಾದರೆ ನೂಲು ಸುತ್ತಲೂ ತಿರುಗುತ್ತದೆ. ಎರಡನೆಯದು ಬಿದ್ದ ಕೂಡಲೇ ಅದಕ್ಕೆ ಬೇರೆ ದಾರಿ ಇಲ್ಲ. ಎರಡು ಬಿಂದುಗಳ ಮೂಲಕ ಒಂದು ಮತ್ತು ಒಂದೇ ಸರಳರೇಖೆ ಎಂಬ ಸ್ವಯಂಸಿದ್ಧವನ್ನು ಬೋರ್ಡಿನ ಮೇಲೆ ಬರೆಸುವ ಮೊದಲು ಇದನ್ನು ಮೈದಾನದಲ್ಲಿ ಮಾಡಿಸುತ್ತೇನೆ. 'ಒಂದೇ' ಎಂಬ ಮಾತಿನ ತೂಕ ಆಗ ತಿಳಿಯುತ್ತದೆ.

ಮೇಸ್ತ್ರಿಗಳ ಕೆಲಸದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕಲ್ಲು ಇಡುವಾಗ ಅವರು ಅದನ್ನು ನೂಲಿಗೆ ತಾಗಿಸುವುದಿಲ್ಲ, ಕೂದಲೆಳೆಯಷ್ಟು ಸಂದು ಬಿಡುತ್ತಾರೆ. ಒಂದು ಕಲ್ಲು ನೂಲನ್ನು ಚೂರು ಹೊರಗೆ ನೂಕಿದರೂ ಅದು ಮೂರನೆಯ ಗೂಟವಾಗುತ್ತದೆ. ಅಲ್ಲಿಂದ ಮುಂದೆ ಇಟ್ಟ ಕಲ್ಲುಗಳೆಲ್ಲ ಬಾಗಿದ ನೂಲನ್ನೇ ನಂಬಿ ಕೂರುತ್ತವೆ, ಗೋಡೆ ಹೊಟ್ಟೆ ಬಿಡುತ್ತದೆ. ಉದ್ದನೆಯ ಗೋಡೆಯಾದರೆ ನೂಲು ತನ್ನ ಭಾರಕ್ಕೇ ನಡುವೆ ಜೋತುಬೀಳುತ್ತದೆ, ಅದಕ್ಕೆ ನಡುವೆ ಒಂದು ಕಲ್ಲು ಇಟ್ಟು ಅದರ ಮೇಲೆ ನೂಲನ್ನು ಎತ್ತಿ ಹಿಡಿಯುತ್ತಾರೆ. ಆ ನಡುಗಲ್ಲು ಸರಿಯಾದ ಎತ್ತರದಲ್ಲಿದೆ ಎಂದು ನೋಡುವುದು ಹೇಗೆ? ತುದಿಯಲ್ಲಿ ಕೂತು, ಒಂದು ಕಣ್ಣು ಮುಚ್ಚಿ. ನೂಲನ್ನು ತಿದ್ದಲು ಇನ್ನೊಂದು ರೇಖೆ ಬೇಕಾಯಿತು: ನೋಟದ ರೇಖೆ.

ಆಯತದ ನಾಲ್ಕು ಮೂಲೆ ಹಾಕಿದ ಮೇಲೆ ಅವರು ಎರಡು ಕರ್ಣಗಳನ್ನೂ ಅಳೆಯುತ್ತಾರೆ. ಎದುರೆದುರು ಬದಿಗಳು ಸರಿಯಾಗಿದ್ದರೂ ಇಡೀ ಆಕೃತಿ ಓರೆಯಾಗಿರಬಹುದು ಎಂಬುದು ಅವರಿಗೆ ಗೊತ್ತು. ಮೂಲೆ ಹಿಡಿಯಲು 3, 4, 5 ಅಡಿಯ ಅಳತೆ. ಬೌಧಾಯನ ಶುಲ್ಬಸೂತ್ರದಲ್ಲಿ ಯಜ್ಞವೇದಿಗೆ ಹಗ್ಗ ಹಿಡಿದ ವಿಧಾನವೂ ಇದೇ ಬಗೆಯದು. ನನ್ನ ತರಗತಿಯ ಎಷ್ಟೋ ಮಕ್ಕಳ ಅಪ್ಪಂದಿರು, ಮಾವಂದಿರು ಈ ಕೆಲಸದವರು. ಪೈಥಾಗೊರಸ್ ಪ್ರಮೇಯ ತಮ್ಮ ಮನೆಯಲ್ಲಿ ದಿನಾ ಬಳಕೆಯಲ್ಲಿದೆ ಎಂದು ತಿಳಿದ ದಿನ ಆ ಮಕ್ಕಳು ಕೂರುವ ಠೀವಿಯೇ ಬೇರೆ.

3. ವ್ಯಾಖ್ಯೆ ಕೇಳಿದರೆ ತಪ್ಪಿಸಿಕೊಳ್ಳಬೇಡಿ

"ಹಾಗಾದರೆ ಬಿಂದು ಅಂದರೆ ಏನು?" ಎಂದು ಮಕ್ಕಳು ಕೇಳುತ್ತಾರೆ. ಚಾಕ್‌ಪೀಸಿನ ಚುಕ್ಕೆ ಅಗಲ, ಪೆನ್ಸಿಲಿನದು ಸಣ್ಣ, ಇನ್ನೂ ಸಣ್ಣ ಮಾಡುತ್ತಾ ಹೋದರೆ? ಅವರಿಗೆ ಸತ್ಯವನ್ನೇ ಹೇಳಬೇಕು: ಬಿಂದು, ರೇಖೆ, ಸಮತಲ, ಈ ಮೂರಕ್ಕೆ ಇಂದಿನ ಗಣಿತ ವ್ಯಾಖ್ಯೆ ಕೊಡುವುದಿಲ್ಲ. ಕೊಡಲು ಹೊರಟರೆ ಇನ್ನೊಂದು ಮಾತು ಬೇಕು, ಅದಕ್ಕೆ ಮತ್ತೊಂದು, ಅದಕ್ಕೆ ಕೊನೆಯಿಲ್ಲ. 9ನೇ ತರಗತಿಯ ಪುಸ್ತಕವೇ ಇದನ್ನು ಒಪ್ಪಿಕೊಂಡಿದೆ, ನಾವೇ ಅದನ್ನು ಹಾರಿಸಿ ಮುಂದೆ ಹೋಗುತ್ತೇವೆ. 1899ರಲ್ಲಿ ಜರ್ಮನಿಯ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ರೇಖಾಗಣಿತದ ಅಡಿಪಾಯವನ್ನು ಹೊಸದಾಗಿ ಹಾಕಿದಾಗ ಈ ಮೂರನ್ನು ವ್ಯಾಖ್ಯೆಯಿಲ್ಲದೆ ಇಟ್ಟುಕೊಂಡು, ಅವುಗಳ ನಡುವಿನ ಸಂಬಂಧಗಳನ್ನು ಮಾತ್ರ ಸ್ವಯಂಸಿದ್ಧಗಳಾಗಿ ಬರೆದರು. ಬಿಂದು ಏನು ಮಾಡುತ್ತದೆ, ರೇಖೆ ಏನು ಮಾಡುತ್ತದೆ, ಅಷ್ಟು ತಿಳಿದರೆ ಲೆಕ್ಕ ನಡೆಯುತ್ತದೆ. ಗೂಟ ಮಾವಿನ ಮರದ್ದೋ ಕಬ್ಬಿಣದ್ದೋ ಎಂದು ಮೇಸ್ತ್ರಿ ಕೇಳುವುದಿಲ್ಲ.

4. ಎರಡು ರೇಖೆ ಕೂಡುವ ಜಾಗ: ಇದನ್ನು ಕಡಲಿನವರಿಂದ ಕಲಿಯಬೇಕು

ಕಾಪುವಿನಲ್ಲಿದ್ದಾಗ ಮೊಗವೀರ ಮನೆಯ ಒಬ್ಬ ಅಜ್ಜ ಹೇಳಿದ ವಿಷಯ ಇದು. ಜಿಪಿಎಸ್ ಬರುವ ಮೊದಲು ಕಡಲಿನೊಳಗೆ ಒಂದು ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕಾದರೆ, ಅಂದರೆ ಮೀನು ಸೇರುವ ಕಲ್ಲು ಇರುವಲ್ಲಿಗೆ, ಅಥವಾ ಬಲೆ ಹರಿಯುವ ಕಲ್ಲನ್ನು ತಪ್ಪಿಸಲು, ದಡದ ಎರಡು ಗುರುತುಗಳನ್ನು ಸಾಲಿಗೆ ತರುತ್ತಿದ್ದರು. ದಡದ ಹತ್ತಿರದ್ದೊಂದು, ಹಿಂದೆ ದೂರದ್ದೊಂದು. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭ ಹಿಂದಿನ ಘಟ್ಟದ ಒಂದು ತುದಿಗೆ ನೇರ ಬಂತೆಂದರೆ ದೋಣಿ ಒಂದು ರೇಖೆಯ ಮೇಲಿದೆ. ದೋಣಿ ಬಡಗಿಗೆ ಸರಿದರೆ ಹತ್ತಿರದ ಗುರುತು ತೆಂಕಿಗೆ ಜಾರಿದಂತೆ ಕಾಣುತ್ತದೆ, ತೆಂಕಿಗೆ ಸರಿದರೆ ಬಡಗಿಗೆ. ಒಂದು ಸಾಲು ಸಾಲದು, ಏಕೆಂದರೆ ಆ ರೇಖೆಯ ಮೇಲೆ ಎಷ್ಟು ಒಳಗೆ ಇದ್ದೇವೆ ಎಂದು ತಿಳಿಯುವುದಿಲ್ಲ. ಅದಕ್ಕೆ ಇನ್ನೊಂದು ದಿಕ್ಕಿನಲ್ಲಿ ಇನ್ನೊಂದು ಜೋಡಿ: ಒಂದು ತೆಂಗಿನ ತೋಪಿನ ಅಂಚು, ಹಿಂದಿನ ಒಂದು ಗುಡ್ಡ. ಎರಡೂ ಸಾಲು ಒಟ್ಟಿಗೆ ಸರಿ ಬಂದಲ್ಲಿ ಲಂಗರು. ಎರಡು ರೇಖೆಗಳು ಛೇದಿಸಿದರೆ ಒಂದೇ ಬಿಂದುವಿನಲ್ಲಿ ಎಂಬ ಪ್ರಮೇಯದ ಮೇಲೆ ಆ ಮನೆಗಳ ಅನ್ನ ನಡೆದಿದೆ.

ಅಜ್ಜ ಇನ್ನೂ ಒಂದು ಮಾತು ಹೇಳಿದರು, ಅದು ಯಾವ ಶಾಲಾ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಎರಡು ಜೋಡಿಗಳು ದಿಕ್ಕಿನಲ್ಲಿ ದೂರ ದೂರ ಇರಬೇಕು. ಹತ್ತಿರ ಹತ್ತಿರದ ದಿಕ್ಕಿನ ಜೋಡಿಗಳನ್ನು ನಂಬಿದರೆ ಜಾಗ ತಪ್ಪುತ್ತದೆ.

ಇದನ್ನು ಮೈದಾನದಲ್ಲಿ ಮಾಡಿ ನೋಡಬಹುದು. ನಾಲ್ಕು ಕೋಲು ನೆಡಿ, ಎರಡೆರಡರ ಜೋಡಿ. ಒಬ್ಬೊಬ್ಬರಾಗಿ ಮಕ್ಕಳು ನಡೆದು, ಎರಡೂ ಜೋಡಿ ಸಾಲಿಗೆ ಬರುವಲ್ಲಿ ಒಂದು ಕಲ್ಲು ಇಡಲಿ. ಜೋಡಿಗಳ ದಿಕ್ಕು ಒಂದಕ್ಕೊಂದು ಲಂಬವಾಗಿದ್ದರೆ ಎಲ್ಲರ ಕಲ್ಲುಗಳು ಒಂದು ಗೇಣಿನೊಳಗೆ ಬೀಳುತ್ತವೆ. ಕೋನ ಕಿರಿದು ಮಾಡಿ ಮತ್ತೆ ಮಾಡಿಸಿ, ಕಲ್ಲುಗಳು ಉದ್ದಕ್ಕೆ ಮಾರುಗಟ್ಟಲೆ ಹರಡುತ್ತವೆ. ಗಣಿತದಲ್ಲಿ ಎರಡೂ ಸಲ ಛೇದಿಸುವುದು ಒಂದೇ ಬಿಂದು, ಕಣ್ಣಿನ ಸಣ್ಣ ತಪ್ಪನ್ನು ಕಿರಿದಾದ ಕೋನ ಹಿಗ್ಗಿಸುತ್ತದೆ. ಇಂಜಿನಿಯರಿಂಗ್ ಓದಲು ಮಣಿಪಾಲಕ್ಕೆ ಹೋದ ಹಳೆ ವಿದ್ಯಾರ್ಥಿಗಳು ಸರ್ವೆ ಕಲಿಯುವಾಗ ಇದೇ ನಿಯಮ ಬಂತು ಎಂದು ಬಂದು ಹೇಳುತ್ತಾರೆ.

ಇಡೀ ದೇಶವನ್ನು ಅಳೆದದ್ದೂ ಹೀಗೇ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಹತ್ತಿರ ಒಂದು ಆಧಾರರೇಖೆಯನ್ನು ಸರಪಣಿಯಿಂದ ಅಳೆದು, ಅದರ ಎರಡು ತುದಿಗಳಿಂದ ಮೂರನೆಯ ಬಿಂದುವನ್ನು ನೋಡಿ, ಹೀಗೆ ತ್ರಿಭುಜಗಳನ್ನು ಪೋಣಿಸುತ್ತಾ ನಮ್ಮ ಮಂಗಳೂರಿನ ಕರಾವಳಿಯವರೆಗೆ ಬಂದರು. ದಕ್ಷಿಣ ಭಾರತದ ಅಗಲ ಆಗಿನ ನಕ್ಷೆಗಳು ಹೇಳಿದ್ದಕ್ಕಿಂತ ಸುಮಾರು 40 ಮೈಲಿ ಕಡಿಮೆ ಎಂದು ತಿಳಿದದ್ದು ಆಗ. ಉದ್ದ ಅಳೆದದ್ದು ಸ್ವಲ್ಪ, ಉಳಿದದ್ದೆಲ್ಲ ನೋಟದ ರೇಖೆಗಳ ಛೇದನ.

5. ಸಾಲಿನಲ್ಲಿರುವುದನ್ನು ಒಂದೇ ಕಣ್ಣಿನಲ್ಲಿ ನೋಡಿ

ಕಾರ್ಕಳದ ಚತುರ್ಮುಖ ಬಸದಿಯನ್ನು 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ. ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು, ಒಟ್ಟು 108 ಕಂಬಗಳು. ಹೊರಸಾಲಿನ ಕಂಬಗಳ ತುದಿಯಲ್ಲಿ ನಿಲ್ಲಿಸಿ ಒಂದು ಕಣ್ಣು ಮುಚ್ಚಲು ಹೇಳಿದರೆ, ಮೊದಲ ಕಂಬ ಉಳಿದವನ್ನೆಲ್ಲ ಮುಚ್ಚುವ ಒಂದು ಜಾಗ ಮಕ್ಕಳಿಗೆ ತಾನಾಗಿ ಸಿಗುತ್ತದೆ. ಏಕರೇಖಾಗತ ಬಿಂದುಗಳು ಎಂಬ ಉದ್ದನೆಯ ಹೆಸರನ್ನು ಅಲ್ಲಿ ಹೇಳಿಕೊಟ್ಟರೆ ಸಾಕು, ಮತ್ತೆ ಮರೆಯುವುದಿಲ್ಲ.

ಕೃಷ್ಣಶಿಲೆಯ ವಿಗ್ರಹ ಮಾಡುವ ಶಿಲ್ಪಿಗಳೂ ಕಾರ್ಕಳದಲ್ಲಿ ಇದ್ದಾರೆ. ಅವರ ಕೆಲಸ ಆರಂಭವಾಗುವುದು ಕಲ್ಲಿನ ಒಂದು ಮೈಯನ್ನು ಸಪಾಟು ಮಾಡಿ, ಅದರ ನಡುವೆ ಬ್ರಹ್ಮಸೂತ್ರ ಎಂಬ ಲಂಬರೇಖೆ ಎಳೆಯುವುದರಿಂದ. ಹಣೆ, ಮೂಗು, ಹೊಕ್ಕುಳದ ಜಾಗಗಳನ್ನು ಆ ರೇಖೆಯಿಂದ ಅಳೆದು ಗುರುತಿಸುತ್ತಾರೆ. ಮೊದಲು ಸಮತಲ, ಆಮೇಲೆ ರೇಖೆ, ಆಮೇಲೆ ಬಿಂದುಗಳು: ನಾನು ತರಗತಿಯಲ್ಲಿ ಹಿಡಿಯುವ ಕ್ರಮವೂ ಇದೇ ಆದ್ದರಿಂದ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗುವುದು ನನಗೆ ಇಷ್ಟ.

6. ಮೂರು ಬಿಂದುಗಳಿಗೆ ರಿಕ್ಷಾ, ಬಾಗಿಲು

ಎಷ್ಟೇ ಗುಂಡಿಯಿರುವ ರಸ್ತೆಯಲ್ಲಿ ನಿಲ್ಲಿಸಿದರೂ ಆಟೋರಿಕ್ಷಾದ ಮೂರೂ ಚಕ್ರ ನೆಲ ಮುಟ್ಟಿರುತ್ತವೆ. ನಾಲ್ಕು ಕಾಲಿನ ಬೆಂಚು ಅಂಗಳದಲ್ಲಿ ಅಲ್ಲಾಡುತ್ತದೆ. ಮೂರು ಬಿಂದುಗಳ ಮೂಲಕ ಒಂದು ಸಮತಲ ಯಾವಾಗಲೂ ಇದೆ, ನಾಲ್ಕನೆಯದು ಅದರ ಮೇಲೆ ಇರಲೇಬೇಕೆಂದಿಲ್ಲ.

ಆದರೆ ಆ ಸಮತಲ ಒಂದೇ ಆಗಬೇಕಾದರೆ ಮೂರೂ ಒಂದೇ ರೇಖೆಯಲ್ಲಿರಬಾರದು ಎಂಬ ಷರತ್ತನ್ನು ಮಕ್ಕಳು ಬಿಟ್ಟೇಬಿಡುತ್ತಾರೆ. ಅದಕ್ಕೆ ತರಗತಿಯ ಬಾಗಿಲನ್ನು ತೋರಿಸಿ. ಮೂರು ಬಿಜಾಗರಿಗಳಿದ್ದರೂ ಬಾಗಿಲು ತಿರುಗುತ್ತಲೇ ಇರುತ್ತದೆ, ಏಕೆಂದರೆ ಮೂರೂ ಒಂದೇ ಲಂಬರೇಖೆಯಲ್ಲಿವೆ, ಆ ರೇಖೆಯ ಮೂಲಕ ಎಷ್ಟು ಬೇಕಾದರೂ ಸಮತಲಗಳು ಹಾಯುತ್ತವೆ. ಆ ರೇಖೆಯಿಂದ ಹೊರಗಿರುವ ಚಿಲಕ ಬಿದ್ದರೆ ಬಾಗಿಲಿಗೆ ಉಳಿಯುವುದು ಒಂದೇ ಸಮತಲ.

7. ಕಂಬ ನೆಟ್ಟಗಿದೆ ಎನ್ನಲು ಎರಡು ಸಲ ನೋಡಬೇಕು, ಮೂರನೆಯ ಸಲ ಬೇಡ

ಕಂಬ ನಿಲ್ಲಿಸುವಾಗ ಮೇಸ್ತ್ರಿ ತೂಗುಗುಂಡನ್ನು ಒಂದು ಮೈಗೆ ಹಿಡಿಯುತ್ತಾರೆ, ಆಮೇಲೆ ಪಕ್ಕದ ಮೈಗೆ. ಅಲ್ಲಿಗೆ ಮುಗಿಯಿತು. ನೆಲದ ಮೇಲೆ ಲೆಕ್ಕವಿಲ್ಲದಷ್ಟು ದಿಕ್ಕುಗಳಿರುವಾಗ ಎರಡೇ ದಿಕ್ಕಿನಲ್ಲಿ ನೋಡಿದರೆ ಹೇಗೆ ಸಾಕು? ಯೂಕ್ಲಿಡ್‌ನ ಹನ್ನೊಂದನೆಯ ಸಂಪುಟದ ನಾಲ್ಕನೆಯ ಪ್ರಮೇಯ ಇದಕ್ಕೆ ಉತ್ತರ: ಛೇದಿಸುವ ಎರಡು ರೇಖೆಗಳಿಗೆ ಅವು ಛೇದಿಸುವಲ್ಲಿ ಲಂಬವಾಗಿರುವ ರೇಖೆ, ಆ ಎರಡೂ ಇರುವ ಸಮತಲಕ್ಕೇ ಲಂಬ. ಮೇಜಿನ ಮೇಲೆ ಪೆನ್ಸಿಲ್ ನಿಲ್ಲಿಸಿ ಒಂದು ಬದಿಗೆ ಮೂಲೆಮಟ್ಟ ಹಿಡಿಯಿರಿ, ಪೆನ್ಸಿಲ್ ಇನ್ನೂ ಅಡ್ಡಕ್ಕೆ ವಾಲಬಹುದು. ಎರಡನೆಯ ಮೂಲೆಮಟ್ಟ ಬಂದರೆ ವಾಲಲು ಆಗುವುದಿಲ್ಲ. ಶಾಲೆಯ ಪಾಠದಲ್ಲಿ ಈ ಪ್ರಮೇಯಕ್ಕೆ ಜಾಗವಿಲ್ಲದಿರುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ, ಪಠ್ಯದಲ್ಲಿ ಇಲ್ಲದಿದ್ದರೂ ನಾನು ಮಾಡಿಸುತ್ತೇನೆ.

ಉಡುಪಿ ಸುಮಾರು 13 ಡಿಗ್ರಿ 20 ಮಿನಿಟ್ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 25ರ ಆಸುಪಾಸಿನಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ, ಮಧ್ಯಾಹ್ನ ಸುಮಾರು ಹನ್ನೆರಡೂವರೆಗೆ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡಕ್ಕೇ ಇಳಿದುಬಿಡುತ್ತದೆ. ಒಂದು ರೇಖೆಯನ್ನು ಅದರ ಉದ್ದಕ್ಕೇ ನೋಡಿದರೆ ಬಿಂದುವಾಗಿ ಕಾಣುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಸಾಧನ ನನಗೆ ಗೊತ್ತಿಲ್ಲ. ತೊಂದರೆ ಏನೆಂದರೆ ಏಪ್ರಿಲಿನಲ್ಲಿ ರಜೆ, ಆಗಸ್ಟಿನಲ್ಲಿ ಮಳೆಮೋಡ. ರಜೆಯಲ್ಲಿ ಮಕ್ಕಳು ಮನೆಯಂಗಳದಲ್ಲೇ ಮಾಡಲಿ, ಕೋಲನ್ನು ಎರಡು ದಿಕ್ಕಿನಲ್ಲಿ ತೂಗುಗುಂಡಿನಿಂದ ನೋಡಿ ನಿಲ್ಲಿಸಲು ಹೇಳಿ ಕಳುಹಿಸಿ.

ಕೋಲಿನ ನೆರಳಿನ ಇನ್ನೊಂದು ಪ್ರಯೋಗವನ್ನು ಶಾಲೆಯಲ್ಲೇ ಮಾಡಲು ಡಿಸೆಂಬರ್ ಒಳ್ಳೆಯದು. ಕಾತ್ಯಾಯನ ಶುಲ್ಬಸೂತ್ರದ ಕ್ರಮ ಅದು: ಮಟ್ಟಸವಾದ ನೆಲದಲ್ಲಿ ಶಂಕು, ಅಂದರೆ ಕೋಲು, ನೆಟ್ಟು, ಅದರ ಸುತ್ತ ವೃತ್ತ ಎಳೆದು, ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಮುಟ್ಟಿದಲ್ಲಿ ಇನ್ನೊಂದು. ಎರಡು ಬಿಂದುಗಳನ್ನು ಸೇರಿಸಿದರೆ ಪೂರ್ವ-ಪಶ್ಚಿಮ ರೇಖೆ ಸಿಕ್ಕಿತು.

8. ಸಮತಲಗಳು ಕೂಡಿದಲ್ಲಿ ರೇಖೆ

ಟೈಲ್ಸ್ ಹಾಕುವವರು ಈಗ ಲೇಸರ್ ಲೆವೆಲ್ ತರುತ್ತಾರೆ. ಗೋಡೆಯ ಮೇಲೆ ಕಾಣುವ ಬಣ್ಣದ ಗೆರೆಯನ್ನು ಆ ಯಂತ್ರ ಗೆರೆಯಾಗಿ ಬಿಡುವುದಿಲ್ಲ. ಅದು ಬಿಡುವುದು ಬೆಳಕಿನ ಹಾಳೆಯನ್ನು, ಹಾಳೆ ಗೋಡೆಯನ್ನು ಕಡಿದಲ್ಲಿ ಗೆರೆ. ಪಕ್ಕದ ಗೋಡೆಯಲ್ಲಿ ಇನ್ನೊಂದು ಗೆರೆ, ಎರಡೂ ಮೂಲೆಯಲ್ಲಿ ಒಂದು ಬಿಂದುವಿನಲ್ಲಿ ಕೂಡುತ್ತವೆ: ಮೂರು ಸಮತಲ, ಮೂರು ರೇಖೆ, ಒಂದು ಬಿಂದು. ಲೇಸರ್ ಸಿಗದಿದ್ದರೆ ಕಾಗದ ಮಡಿಸಿ. ಮಡಿಕೆ ನೇರವಾಗಿಯೇ ಬರುತ್ತದೆ. 1893ರಲ್ಲಿ ಮದರಾಸಿನಲ್ಲಿ ಟಿ. ಸುಂದರರಾವ್ ಕಾಗದ ಮಡಿಸಿ ರೇಖಾಗಣಿತ ಮಾಡುವುದರ ಮೇಲೆ ಇಡೀ ಪುಸ್ತಕವನ್ನೇ ಪ್ರಕಟಿಸಿದ್ದರು.

9. ಕೂಡದ, ಸಮಾಂತರವೂ ಅಲ್ಲದ ರೇಖೆಗಳಿಗೆ ಇಂದ್ರಾಳಿಗೆ ಹೋಗಿ

ಕಾಗದದ ಮೇಲೆ ಎರಡು ರೇಖೆಗಳು ಒಂದೋ ಕೂಡುತ್ತವೆ, ಇಲ್ಲ ಸಮಾಂತರ. ಈ ಅಭ್ಯಾಸ ಗಟ್ಟಿಯಾದ ಮಗುವಿಗೆ ಪಿಯುಸಿಯಲ್ಲಿ ಮೂರನೆಯ ಬಗೆಯೊಂದಿದೆ ಎಂದರೆ ನಂಬಿಕೆ ಬರುವುದಿಲ್ಲ. ಉಡುಪಿಯಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಹೋಗುವಾಗ ಇಂದ್ರಾಳಿಯ ಸೇತುವೆಯಲ್ಲಿ ಕೆಳಗೆ ನೋಡಲು ಹೇಳಿ. ರಸ್ತೆ ಮೇಲೆ, ಕೊಂಕಣ ರೈಲಿನ ಹಳಿ ಕೆಳಗೆ. ಎಷ್ಟು ಮುಂದುವರಿಸಿದರೂ ಕೂಡವು, ದಿಕ್ಕೂ ಒಂದಲ್ಲ. ಅವೆರಡನ್ನೂ ಒಂದೇ ಸಮತಲದಲ್ಲಿ ಇಡಲು ಆಗುವುದಿಲ್ಲ. ಎರಡರ ನಡುವಿನ ಕನಿಷ್ಠ ದೂರವೆಂದರೆ ಎರಡಕ್ಕೂ ಲಂಬವಾಗಿ ನಿಂತ ರೇಖಾಖಂಡ, ಇಲ್ಲಿ ಅದು ಸೇತುವೆಯಿಂದ ಹಳಿಗೆ ಇಳಿಬಿಟ್ಟ ತೂಗುಗುಂಡಿನ ನೂಲು. 2022ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿ ವಿದ್ಯುದೀಕರಣಗೊಂಡಿತು. ಈಗ ಆ ಅಂತರದಲ್ಲಿ ರೈಲಿನ ಜೊತೆಗೆ ತಂತಿಗೂ ಜಾಗ ಬೇಕು. ಸಿಇಟಿಗೆ ಬಾಯಿಪಾಠ ಮಾಡುವ ಆ ಉದ್ದ ಸೂತ್ರ ಲೆಕ್ಕ ಹಾಕುವುದು ಈ ಅಂತರವನ್ನೇ.

10. ಸಮಾಂತರದ ಪ್ರಶ್ನೆಯನ್ನು ತೆರೆದೇ ಇಡಿ

ಯೂಕ್ಲಿಡ್‌ನ ಐದನೆಯ ಆಧಾರ ಪ್ರತಿಜ್ಞೆ ಬಂದಾಗ ಎಲ್ಲರೂ ರೈಲು ಹಳಿ ತೋರಿಸುತ್ತಾರೆ. ನಾನು ತೂಗುಗುಂಡಿಗೇ ಮರಳುತ್ತೇನೆ. ಒಂದೇ ಗೋಡೆಗೆ ಇಳಿಬಿಟ್ಟ ಎರಡು ತೂಗುಗುಂಡುಗಳ ನೂಲು ಸಮಾಂತರವೇ ಎಂದರೆ ತರಗತಿ ಒಟ್ಟಾಗಿ ಹೌದು ಎನ್ನುತ್ತದೆ. ಹಾಗಾದರೆ ಉಡುಪಿಯಲ್ಲೊಂದು, ಕಾರ್ಕಳದಲ್ಲೊಂದು ಇಳಿಬಿಟ್ಟರೆ? ಎರಡೂ ಭೂಮಿಯ ಕೇಂದ್ರದ ಕಡೆಗೆ ಎಳೆಯಲ್ಪಟ್ಟಿವೆ. ನೇರ ದೂರ ಸುಮಾರು 30 ಕಿ.ಮೀ., ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ., ಇಡೀ ಸುತ್ತಿಗೆ 360 ಡಿಗ್ರಿ. ತ್ರೈರಾಶಿ ಹಾಕಿದರೆ ಎರಡು ನೂಲುಗಳ ನಡುವೆ ಕಾಲು ಡಿಗ್ರಿಗಿಂತ ಚೂರು ಹೆಚ್ಚು ಕೋನ ಬರುತ್ತದೆ. 7ನೇ ತರಗತಿಯ ಮಗುವೂ ಮಾಡಬಹುದಾದ ಲೆಕ್ಕ. ಕಾಪು ದೀಪಸ್ತಂಭದ ಮೇಲೆ ನಿಂತವರಿಗೆ ದೂರ ಹೋಗುವ ಬೋಟಿನ ಮೈ ಮೊದಲು ಮರೆಯಾಗಿ ಆಮೇಲೆ ಬಾವುಟ ಮರೆಯಾಗುವುದಕ್ಕೂ ಕಾರಣ ಇದೇ ದುಂಡು.

ಲೆಕ್ಕ ಮುಗಿದ ಮೇಲೆ ಯಾರಾದರೂ ಕೇಳುತ್ತಾರೆ, ಹಾಗಾದರೆ ಒಂದೇ ಗೋಡೆಯ ಎರಡು ನೂಲುಗಳೂ ಸಮಾಂತರ ಅಲ್ಲವಲ್ಲ? ಗೋಡೆಯ ಉದ್ದ ಹತ್ತು ಮೀಟರ್ ಎಂದು ಇಟ್ಟುಕೊಂಡು ಆ ಕೋನ ಎಷ್ಟು ಬರುತ್ತದೆಂದು ಅವರೇ ಕಂಡುಹಿಡಿಯಲಿ. ನೂಲು ಬಾಗದೆ ಬಿಗಿಯಬಲ್ಲ ಮೇಸ್ತ್ರಿಯ ಕಣ್ಣಿಗೆ ಅದು ಕಂಡೀತೇ ಎಂಬುದನ್ನು ಮರುದಿನದ ಪಿರಿಯಡ್‌ಗೆ ಬಿಡಿ.